ಕಾದ ಕಲ್ಲು, ನೋಯದ ಪಾದ

ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಕಾಣದವರು ನಮ್ಮ ಭಾಗದಲ್ಲಿ ವಿರಳ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿ ಅದು. ಕನ್ನಡಿಯಂತೆ ಹೊಳೆಯುವ ಅದರ ಕಂಬಗಳನ್ನೂ, ಹೊರಗೋಡೆಯ ರಾಮಾಯಣ ಮಹಾಭಾರತಗಳ ಶಿಲ್ಪಗಳನ್ನೂ, ಕವಿ ಜನ್ನನ ಪದ್ಯಗಳುಳ್ಳ ಶಾಸನವನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಈ ಲೇಖನದ ವಿಷಯ ಅದಕ್ಕಿಂತ ಬಹಳ ಸಣ್ಣದು: ಆ ಗುಡಿಗೆ ಬರಿಗಾಲಿನಲ್ಲಿ ಬರುವವರ ಅಂಗಾಲು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ಕಲ್ಪಿಸಿಕೊಳ್ಳಿ. ಅಜ್ಜ ಮತ್ತು ಎಂಟು ವರ್ಷದ ಮೊಮ್ಮಗ ಚಪ್ಪಲಿಗಳನ್ನು ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕಾಲಿಟ್ಟೊಡನೆಯೇ ಹುಡುಗ ಕುಪ್ಪಳಿಸುತ್ತಾನೆ. "ಅಜ್ಜಾ, ಕಾಲು ಸುಡ್ತೈತೆ!" ಎಂದು ಕೂಗಿ ಮಂಟಪದ ನೆರಳಿಗೆ ಓಡುತ್ತಾನೆ. "ನನಗೇನೂ ಸುಡಲಿಲ್ವಲ್ಲೋ ಮಗಾ, ಈಗಿನ ಹುಡುಗರ ಕಾಲು ಬಲು ಮೆತ್ತಗೆ" ಎಂದು ನಗುತ್ತಾ ಅಜ್ಜ ನಿಧಾನವಾಗಿ ಪ್ರದಕ್ಷಿಣೆ ಮುಗಿಸಿ, ಶಿಲ್ಪಗಳನ್ನೆಲ್ಲ ನೋಡಿಕೊಂಡು ಬರುತ್ತಾರೆ. ಆ ರಾತ್ರಿ ಮನೆಯಲ್ಲಿ ಅವರ ಕಾಲಿನತ್ತ ಸೊಸೆಯ ದೃಷ್ಟಿ ಬೀಳುತ್ತದೆ. ಎರಡೂ ಅಂಗಾಲುಗಳಲ್ಲಿ ದೊಡ್ಡ ದೊಡ್ಡ ನೀರುಗುಳ್ಳೆಗಳು. ಒಂದು ಆಗಲೇ ಒಡೆದಿದೆ. ಅಜ್ಜನಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ.

ಇದು ಕಲ್ಪಿತ ಪ್ರಸಂಗವಾದರೂ ಅಪರೂಪದ್ದಲ್ಲ. ಸಕ್ಕರೆ ಕಾಯಿಲೆಗೆ ಚಿಕಿತ್ಸೆ ನೀಡುವ ವೈದ್ಯರು ಬೇಸಿಗೆಯಲ್ಲಿ ಇಂತಹ ಪಾದಗಳನ್ನು ನೋಡುತ್ತಲೇ ಇರುತ್ತಾರೆ. ಒಂದೇ ಕಲ್ಲು, ಒಂದೇ ಬಿಸಿಲು. ಮೊಮ್ಮಗನಿಗೆ ನೋವಾಯಿತು, ಗಾಯವಾಗಲಿಲ್ಲ. ಅಜ್ಜನಿಗೆ ಗಾಯವಾಯಿತು, ನೋವಾಗಲಿಲ್ಲ. ಈ ವ್ಯತ್ಯಾಸದ ಕಾರಣವನ್ನು ಅರಿಯಬೇಕಾದರೆ ನಮ್ಮ ನರಮಂಡಲದ ರಚನೆಯನ್ನು ಸ್ವಲ್ಪ ತಿಳಿಯಬೇಕು. ಹುಡುಗನ ಅಂಗಾಲಿನಿಂದ ಹೊರಟ ಸುದ್ದಿಯ ಬೆನ್ನುಹತ್ತಿ ಹೋಗುವುದೇ ಅದಕ್ಕೆ ಸುಲಭವಾದ ದಾರಿ.

ಸುದ್ದಿ ಹುಟ್ಟುವುದು ಚರ್ಮದಲ್ಲಿ. ಚರ್ಮದೊಳಗೆ ಲಕ್ಷಾಂತರ ನರತುದಿಗಳು ಬೇರಿನ ಎಳೆಗಳಂತೆ ಹರಡಿಕೊಂಡಿವೆ. ಕೆಲವು ಮೃದುವಾದ ಸ್ಪರ್ಶವನ್ನು ಅರಿಯುತ್ತವೆ, ಕೆಲವು ಒತ್ತಡವನ್ನು, ಕೆಲವು ಕಂಪನವನ್ನು. ಇನ್ನು ಕೆಲವು ಬರಿಯ ಎಳೆಗಳಾಗಿಯೇ ಉಳಿದು, ದೇಹಕ್ಕೆ ಹಾನಿಯಾಗುವಂಥದ್ದೇನಾದರೂ ನಡೆದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಈ ತುದಿಗಳ ಹೊರಪೊರೆಯಲ್ಲಿ ಪ್ರೋಟೀನಿನಿಂದಾದ ಅತಿ ಸೂಕ್ಷ್ಮ ದ್ವಾರಗಳಿವೆ. ಅವುಗಳಲ್ಲಿ ಒಂದು, ಸುತ್ತಲಿನ ಉಷ್ಣತೆ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದಾಗ ತೆರೆದುಕೊಳ್ಳುತ್ತದೆ. ದ್ವಾರ ತೆರೆದರೆ ವಿದ್ಯುದಂಶವುಳ್ಳ ಕಣಗಳು ಒಳನುಗ್ಗಿ ನರದ ಎಳೆಯಲ್ಲಿ ಒಂದು ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ.

43 ಎಂಬ ಸಂಖ್ಯೆಯಲ್ಲಿ ದೊಡ್ಡ ಅರ್ಥವಿದೆ. ಚರ್ಮದ ಜೀವಕೋಶಗಳು ಸುಡತೊಡಗುವುದು ಸುಮಾರು 44 ಡಿಗ್ರಿಯಲ್ಲಿ; ಆ ಉಷ್ಣತೆಯಲ್ಲಿ ಸುಟ್ಟಗಾಯವಾಗಲು ಕೆಲವು ಗಂಟೆಗಳೇ ಬೇಕು. 50ರ ಆಸುಪಾಸಿನಲ್ಲಿ ಕೆಲವು ನಿಮಿಷ ಸಾಕು. 60 ಡಿಗ್ರಿಯಲ್ಲಾದರೆ ಕೆಲವೇ ಸೆಕೆಂಡು. ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ಬಿದ್ದ ಕಲ್ಲು 50 ಡಿಗ್ರಿ ದಾಟುವುದುಂಟು. ಅಂದರೆ ಗಾಯವಾಗುವುದಕ್ಕಿಂತ ಕೂದಲೆಳೆಯಷ್ಟು ಮೊದಲೇ ನೋವು ಏಳುವಂತೆ ಈ ವ್ಯವಸ್ಥೆ ಹೊಂದಿಕೊಂಡಿದೆ. ಸುಡುವ ಮುಂಚೆಯೇ ಸುಟ್ಟಂತೆನಿಸುವುದರಿಂದ ನಾವು ಸುಡದೆ ಉಳಿಯುತ್ತೇವೆ.

ಈ ದ್ವಾರವನ್ನು ಪತ್ತೆಹಚ್ಚಿದ ಕಥೆ ನಮ್ಮ ಅಡುಗೆಮನೆಗೆ ಹತ್ತಿರದ್ದು. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಗಂಟೆಗಟ್ಟಲೆ ಉರಿಯುವುದು ಏಕೆ? ಕೈ ಬಿಸಿಯಾಗಿಲ್ಲ, ಗಾಯವೂ ಆಗಿಲ್ಲ. ಆದರೂ ಬೆಂಕಿ ತಾಗಿದಂತೆಯೇ ಉರಿ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ಇದರ ಗುಟ್ಟನ್ನು ಬಿಡಿಸಿದರು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು, ಬಿಸಿಯಿಂದ ತೆರೆಯಬೇಕಾದ ಅದೇ ದ್ವಾರವನ್ನು ಬಿಸಿಯಿಲ್ಲದೆಯೇ ತೆರೆದುಬಿಡುತ್ತದೆ. ನರಕ್ಕೆ ಎರಡರ ವ್ಯತ್ಯಾಸ ತಿಳಿಯದು. ಖಾರವೆಂಬುದು ರುಚಿಯಲ್ಲ, ನೋವಿನ ಒಂದು ಬಗೆ ಎಂಬ ಮಾತು ಇದರಿಂದ ದೃಢಪಟ್ಟಿತು. ಜೂಲಿಯಸ್ ಅವರಿಗೂ, ಸ್ಪರ್ಶದ ದ್ವಾರಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಅವರಿಗೂ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. (ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕೈ ಉರಿದಾಗ ಮೊದಲು ಕೊಬ್ಬರಿ ಎಣ್ಣೆ ಸವರಿ ಅನಂತರ ಸಾಬೂನಿನಿಂದ ತೊಳೆಯುವ ನಮ್ಮ ತಾಯಂದಿರ ಕ್ರಮ ಸರಿಯಾದದ್ದೇ.) ತಂಪನ್ನು ಅರಿಯುವ ದ್ವಾರಗಳು ಬೇರೆಯೇ ಇವೆ. ಮಂಟಪದ ನೆರಳಿಗೆ ಓಡಿದ ಹುಡುಗನ ಪಾದಕ್ಕೆ ಒಳಗಿನ ಕಲ್ಲು ಹಿತವೆನಿಸಿದ್ದು ಅವುಗಳ ಮೂಲಕ.

ಇನ್ನು ಸುದ್ದಿ ಸಾಗುವ ದಾರಿ. ನರಮಂಡಲವನ್ನು ಶಾಸ್ತ್ರಜ್ಞರು ಎರಡು ಭಾಗಗಳಾಗಿ ನೋಡುತ್ತಾರೆ. ಮೆದುಳು ಮತ್ತು ಬೆನ್ನುಹುರಿ ಸೇರಿ ಕೇಂದ್ರ ನರಮಂಡಲ. ಅವುಗಳಿಂದ ಹೊರಟು ದೇಹದ ಮೂಲೆಮೂಲೆಗೆ ತಲುಪುವ ನರಗಳದ್ದು ಪರಿಧೀಯ ನರಮಂಡಲ. ಮೆದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಒಂದೊಂದು ನರವೂ ಹಗ್ಗದಂತೆ ಸಾವಿರಾರು ಎಳೆಗಳ ಕಟ್ಟು. ಕೆಲವು ಎಳೆಗಳು ಸುದ್ದಿಯನ್ನು ಒಳಗೆ ತರುತ್ತವೆ, ಇವು ಜ್ಞಾನವಾಹಿಗಳು. ಕೆಲವು ಅಪ್ಪಣೆಯನ್ನು ಸ್ನಾಯುಗಳಿಗೆ ಒಯ್ಯುತ್ತವೆ, ಇವು ಕ್ರಿಯಾವಾಹಿಗಳು. ಇವೆರಡಲ್ಲದೆ, ನಮ್ಮ ಇಚ್ಛೆಯನ್ನು ಕೇಳದೆಯೇ ಹೃದಯದ ಬಡಿತ, ಬೆವರು, ಜೀರ್ಣಕ್ರಿಯೆ ಮುಂತಾದವನ್ನು ನೋಡಿಕೊಳ್ಳುವ ಸ್ವಾಯತ್ತ ನರಗಳೂ ಇವೆ. ಪೆಟ್ಟು ಬಿದ್ದಾಗ ಎದೆ ಹೊಡೆದುಕೊಳ್ಳುವುದೂ, ಮೈ ಬೆವರುವುದೂ ಇವುಗಳ ಕೆಲಸ.

ಬೆನ್ನುಹುರಿ ಬೆನ್ನೆಲುಬಿನ ಉದ್ದಕ್ಕೂ ಇದೆಯೆಂದು ಹಲವರು ಭಾವಿಸಿದ್ದಾರೆ. ಅದರ ಉದ್ದ ಸುಮಾರು 45 ಸೆಂಟಿಮೀಟರ್ ಮಾತ್ರ. ಸೊಂಟದ ಮೇಲ್ಭಾಗದಲ್ಲಿಯೇ ಅದು ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ನರಗಳ ಗೊಂಚಲು ಇಳಿದುಹೋಗುತ್ತದೆ. ಅಂಗಾಲಿನ ಸುದ್ದಿಯನ್ನು ತರುವ ನರಕೋಶದ ಮುಖ್ಯ ದೇಹವು ಈ ಗೊಂಚಲಿನ ನರಗಳು ಬೆನ್ನೆಲುಬಿನಿಂದ ಹೊರಬೀಳುವ ಎಡೆಯಲ್ಲಿರುತ್ತದೆ. ಅಲ್ಲಿಂದ ಅದರ ಎಳೆ ತೊಡೆ, ಮೊಣಕಾಲು, ಹಿಮ್ಮಡಿಗಳನ್ನು ದಾಟಿ ಕಾಲ್ಬೆರಳಿನ ತುದಿಯವರೆಗೂ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದೇ ಒಂದು ಜೀವಕೋಶ, ಒಂದು ಮೀಟರಿಗೂ ಮಿಕ್ಕಿ ಉದ್ದ! ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಅಜ್ಜನ ಪಾದಕ್ಕೆ ಏನಾಯಿತೆಂಬುದರ ಮೂಲ ಇಲ್ಲಿದೆ.

ನೋವಿನ ಸುದ್ದಿಯನ್ನು ಒಯ್ಯುವ ಎಳೆಗಳಲ್ಲಿ ಎರಡು ಬಗೆ. ಒಂದು ಬಗೆಯವಕ್ಕೆ ತೆಳುವಾದ ಕೊಬ್ಬಿನ ಹೊದಿಕೆಯಿದೆ. ಅವು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಸಾಗಿಸುತ್ತವೆ. ಇನ್ನೊಂದು ಬಗೆಯವು ಹೊದಿಕೆಯಿಲ್ಲದ ಸಪೂರ ಎಳೆಗಳು. ಅವುಗಳ ವೇಗ ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆ, ನಾವು ನಡೆಯುವಷ್ಟು. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಬೆರಳಿಗೆ ತಾಗಿದವರು ನೆನಪಿಸಿಕೊಂಡರೆ ಈ ಎರಡನ್ನೂ ಗುರುತಿಸಬಲ್ಲರು. ಮೊದಲು ಚುರುಕ್ಕೆಂಬ ಚೂಪಾದ ನೋವು, ಜಾಗ ಇಂಥದ್ದೇ ಎಂದು ಬೆರಳಿಟ್ಟು ತೋರಿಸಬಹುದಾದದ್ದು. ಕ್ಷಣಾನಂತರ ಹರಡಿಕೊಂಡು ಮಿಡಿಯುವ, ಮನಸ್ಸನ್ನು ಕದಡುವ ಎರಡನೆಯ ನೋವು. ಗಾಯ ಒಂದೇ, ಅಂಚೆ ಎರಡು. ಕಾಲ್ಬೆರಳನ್ನು ಕಲ್ಲಿಗೆ ಎಡವಿಕೊಂಡಾಗ ಈ ಅಂತರ ಇನ್ನೂ ಸ್ಪಷ್ಟ, ದಾರಿ ದೂರವಲ್ಲವೇ.

ಆದರೆ ಹುಡುಗನು ಕಾಲೆತ್ತಿದ್ದು ಮೆದುಳಿನ ಅಪ್ಪಣೆಗಾಗಿ ಕಾದು ಅಲ್ಲ. ಸುದ್ದಿ ಬೆನ್ನುಹುರಿಯನ್ನು ಮುಟ್ಟಿದೊಡನೆ ಅಲ್ಲಿಯ ನರಕೋಶಗಳೇ ತೀರ್ಪು ಕೊಟ್ಟುಬಿಡುತ್ತವೆ. ಅಪ್ಪಣೆ ತೊಡೆಯ ಸ್ನಾಯುಗಳಿಗೆ ಹೋಗಿ ಕಾಲು ಮೇಲೇಳುತ್ತದೆ. ಅದೇ ಗಳಿಗೆಯಲ್ಲಿ ಇನ್ನೊಂದು ಕಾಲಿಗೂ ಆಜ್ಞೆ ಹೋಗುತ್ತದೆ: ನೆಟ್ಟಗೆ ನಿಲ್ಲು, ಮೈಯ ಭಾರ ಹೊರು. ಇಲ್ಲವಾದರೆ ಕಾಲೆತ್ತಿದವನು ಬಿದ್ದೇಬಿಡುತ್ತಿದ್ದ. ಇದನ್ನು ಪರಾವರ್ತಿತ ಪ್ರತಿಕ್ರಿಯೆ ಎನ್ನುತ್ತಾರೆ. ಶಾಲೆಯ ಪುಸ್ತಕಗಳಲ್ಲಿ ಇದರ ಚಿತ್ರ ಇರುತ್ತದೆ. ಎರಡನೆಯ ಕಾಲಿನ ಮಾತನ್ನು ಮಾತ್ರ ಅನೇಕ ಪುಸ್ತಕಗಳು ಬಿಟ್ಟುಬಿಡುತ್ತವೆ. ನನಗೆ ಅದೇ ಹೆಚ್ಚು ಸೋಜಿಗವೆನಿಸುತ್ತದೆ.

ಕಾಲು ಎತ್ತಿದ ಮೇಲೆಯೇ ಸುದ್ದಿ ಮೆದುಳನ್ನು ತಲುಪುವುದು. ಬೆನ್ನುಹುರಿಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ದಾಟಿ, ಮೇಲಕ್ಕೇರಿ, ಥಲಾಮಸ್ ಎಂಬ ಒಳಠಾಣ್ಯವನ್ನು ಸೇರುತ್ತದೆ. ಅಲ್ಲಿಂದ ಅದು ಹಲವು ಕಡೆಗೆ ಹಂಚಿಕೆಯಾಗುತ್ತದೆ. ಒಂದು ಭಾಗ ನೋವು ಎಲ್ಲಿ, ಎಷ್ಟು ಎಂಬುದನ್ನು ಅಳೆಯುತ್ತದೆ. ಇನ್ನೊಂದು ಭಾಗದಲ್ಲಿ ಅದು ಸಂಕಟವಾಗುತ್ತದೆ. ಮತ್ತೊಂದು ಭಾಗ ಹಿಂದಿನ ಅನುಭವಗಳೊಡನೆ ಅದನ್ನು ತೂಗಿನೋಡುತ್ತದೆ. ಮೆದುಳಿನಲ್ಲಿ ನೋವಿಗೆಂದೇ ಮೀಸಲಾದ ಒಂದು ಕೋಣೆ ಇಲ್ಲ. ವಿಚಿತ್ರವೆಂದರೆ ಎಲ್ಲ ನೋವನ್ನೂ ಅನುಭವಿಸುವ ಮೆದುಳಿನ ತಿರುಳಿಗೆ ಸ್ವತಃ ನೋವಿನ ಅರಿವಿಲ್ಲ. ಅಲ್ಲಿ ನೋವಿನ ನರತುದಿಗಳೇ ಇಲ್ಲ. ಆದಕಾರಣ ರೋಗಿ ಎಚ್ಚರವಿದ್ದು ಮಾತನಾಡುತ್ತಿರುವಾಗಲೇ ಮೆದುಳಿನ ಕೆಲವು ಶಸ್ತ್ರಚಿಕಿತ್ಸೆಗಳನ್ನು ಮಾಡಲು ಸಾಧ್ಯವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೆದುಳುಗಳ ಸಂಗ್ರಹಾಲಯವೊಂದಿದ್ದು ಸಾರ್ವಜನಿಕರೂ ನೋಡಬಹುದು. ಸುಮಾರು 1,300ರಿಂದ 1,400 ಗ್ರಾಂ ತೂಗುವ ಆ ಮುದ್ದೆಯಲ್ಲಿ ಅಂದಾಜು 8,600 ಕೋಟಿ ನರಕೋಶಗಳಿವೆ. ಪ್ರೌಢಶಾಲೆಯ ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದೊಯ್ಯುವ ಶಿಕ್ಷಕರು ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಸುದ್ದಿ ಮೇಲೇರುವಂತೆ ಮೆದುಳಿನಿಂದ ಕೆಳಗೂ ಅಪ್ಪಣೆ ಇಳಿಯುತ್ತದೆ. ಮಗು ಬಿದ್ದು ಮೊಣಕಾಲು ತರಚಿಕೊಂಡಾಗ ತಾಯಿ ಆ ಜಾಗವನ್ನು ಉಜ್ಜುತ್ತಾಳೆ. ನೋವು ತುಸು ತಗ್ಗುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಗೆಯ ಬಾಗಿಲಿದೆ. ಉಜ್ಜಿದಾಗ ಸ್ಪರ್ಶದ ದಪ್ಪ ಎಳೆಗಳ ಸುದ್ದಿ ಬಂದು ಆ ಬಾಗಿಲನ್ನು ಅರ್ಧ ಮುಚ್ಚುತ್ತದೆ. ನೋವಿನ ಸುದ್ದಿ ಮೇಲೆ ಹೋಗುವುದು ಕಡಿಮೆಯಾಗುತ್ತದೆ. ವಿವರಗಳು ಆಮೇಲೆ ಬದಲಾದರೂ ಮೂಲಭಾವನೆ ಉಳಿದಿದೆ. ಅದೇ ಬಾಗಿಲನ್ನು ಮೆದುಳು ಮೇಲಿನಿಂದಲೂ ಮುಚ್ಚಬಲ್ಲದು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ಹೆನ್ರಿ ಬೀಚರ್ ಎಂಬ ಅಮೆರಿಕನ್ ವೈದ್ಯ, ಭಾರಿ ಗಾಯಗೊಂಡ ಸೈನಿಕರಲ್ಲಿ ಅನೇಕರು ನೋವಿನ ಮದ್ದನ್ನೇ ಕೇಳದಿದ್ದುದನ್ನು ಕಂಡು 1946ರಲ್ಲಿ ಬರೆದರು. ಅವರಿಗೆ ಆ ಗಾಯವೆಂದರೆ ಬದುಕಿ ಮನೆಗೆ ಮರಳುವ ರಹದಾರಿ. ದೇಹವೇ ತಯಾರಿಸುವ, ಅಫೀಮಿನಂತೆ ವರ್ತಿಸುವ ನೋವುನಿವಾರಕ ವಸ್ತುಗಳು 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಪತ್ತೆಯಾದವು. ಭಯ, ಒಂಟಿತನ, ನಿದ್ದೆಗೇಡುಗಳು ನೋವನ್ನು ಹಿಗ್ಗಿಸುತ್ತವೆ. ಧೈರ್ಯ ಹೇಳುವವರು ಹತ್ತಿರವಿದ್ದರೆ ಅದು ತಗ್ಗುತ್ತದೆ. ಹಾಗೆಂದು ನೋವು ಬರಿಯ ಮನಸ್ಸಿನ ಭ್ರಮೆ ಎನ್ನುವುದು ದೊಡ್ಡ ತಪ್ಪು, ನೋಯುವವರಿಗೆ ಮಾಡುವ ಅನ್ಯಾಯವೂ ಹೌದು.

ಇಷ್ಟು ತಿಳಿದ ಮೇಲೆ, ನೋವೇ ಇಲ್ಲದಿದ್ದರೆ ಎಷ್ಟು ಚೆನ್ನ ಎಂದು ಯಾರಿಗಾದರೂ ಅನಿಸಬಹುದು. ಅಂಥವರು ನಿಜವಾಗಿ ಇದ್ದಾರೆ. ಉತ್ತರ ಪಾಕಿಸ್ತಾನದ ಒಬ್ಬ ಹುಡುಗ ತೋಳಿಗೆ ಚೂರಿ ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಬೀದಿಯಲ್ಲಿ ಪ್ರದರ್ಶನ ಕೊಡುತ್ತಿದ್ದ. ಅವನಿಗೆ ಹುಟ್ಟಿನಿಂದಲೇ ನೋವು ಗೊತ್ತಿರಲಿಲ್ಲ. ಸಂಶೋಧಕರು ಅವನನ್ನು ಪರೀಕ್ಷಿಸುವ ಮುನ್ನವೇ, ಹದಿನಾಲ್ಕರ ವಯಸ್ಸಿಗೆ, ಮನೆಯ ಮಾಡಿನಿಂದ ಹಾರಿ ಅವನು ತೀರಿಕೊಂಡ. ಅವನ ಬಂಧುಬಳಗದಲ್ಲಿ ಅದೇ ಸ್ಥಿತಿಯಿದ್ದ ಮಕ್ಕಳನ್ನು ಅಧ್ಯಯನ ಮಾಡಿ 2006ರಲ್ಲಿ ಕಾರಣವನ್ನು ಪ್ರಕಟಿಸಿದರು. ನೋವಿನ ಎಳೆಗಳಲ್ಲಿ ಸಂಕೇತ ಹುಟ್ಟಿಸುವ ಒಂದು ಸೋಡಿಯಂ ದ್ವಾರ ಅವರಲ್ಲಿ ಕೆಲಸವನ್ನೇ ಮಾಡುತ್ತಿರಲಿಲ್ಲ. ದಂತವೈದ್ಯರು ಹಲ್ಲು ಕೀಳುವ ಮುನ್ನ ಚುಚ್ಚುವ ಮದ್ದು ಇಂತಹ ಸೋಡಿಯಂ ದ್ವಾರಗಳನ್ನೇ ಒಂದೆರಡು ಗಂಟೆ ಮುಚ್ಚಿಡುತ್ತದೆ. ಆ ಮಕ್ಕಳಿಗೆ ಅದು ಆಜೀವಪರ್ಯಂತ. ಅವರ ತುಟಿ ನಾಲಗೆಗಳ ಮೇಲೆ ಅವರೇ ಕಚ್ಚಿಕೊಂಡ ಗಾಯಗಳಿದ್ದವು. ಮುರಿದ ಮೂಳೆಗಳು ಯಾರ ಗಮನಕ್ಕೂ ಬಾರದೆ ಉಳಿದಿದ್ದವು.

ನಮ್ಮ ದೇಶದಲ್ಲಿ ಇದೇ ಪಾಠವನ್ನು ಕಲಿಸಿದ್ದು ಕುಷ್ಠರೋಗ. ಆ ರೋಗದಲ್ಲಿ ಮಾಂಸ ತಾನಾಗಿಯೇ ಕೊಳೆತು ಬೆರಳುಗಳು ಉದುರುತ್ತವೆ ಎಂದು ಶತಮಾನಗಳ ಕಾಲ ಜನ ನಂಬಿದ್ದರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಜನಿಸಿ, ವೆಲ್ಲೂರಿನಲ್ಲಿ ಶಸ್ತ್ರವೈದ್ಯರಾಗಿ ಕೆಲಸ ಮಾಡಿದ ಪಾಲ್ ಬ್ರಾಂಡ್ ಅವರು 1940ರ ದಶಕದ ಕೊನೆಯಿಂದ ಈ ರೋಗಿಗಳ ಕೈಕಾಲುಗಳನ್ನು ಎಚ್ಚರಿಕೆಯಿಂದ ಗಮನಿಸಿದರು. ರೋಗಾಣು ಕೊಲ್ಲುವುದು ನರಗಳನ್ನು. ಬೆರಳುಗಳು ಹಾಳಾಗುವುದು ನೋವಿಲ್ಲದ್ದರಿಂದ ಎಂಬುದು ಅವರ ನಿರ್ಣಯ. ಬಿಸಿ ಪಾತ್ರೆ ಹಿಡಿದರೂ ತಿಳಿಯದು, ಮುಳ್ಳು ತುಳಿದರೂ ತಿಳಿಯದು, ಗಾಯದ ಮೇಲೆಯೇ ದಿನವೆಲ್ಲ ನಡೆಯುವುದು. ರಾತ್ರಿ ನಿದ್ದೆಯಲ್ಲಿ ಇಲಿಗಳು ಬೆರಳು ಕಡಿದರೂ ರೋಗಿಗಳಿಗೆ ಎಚ್ಚರವಾಗುತ್ತಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಮರಳುವವರಿಗೆ ಒಂದೊಂದು ಬೆಕ್ಕನ್ನು ಕೊಟ್ಟು ಕಳುಹಿಸುವ ಕ್ರಮವನ್ನು ಬ್ರಾಂಡ್ ತಂದರು. ಇಂದು ಕುಷ್ಠರೋಗಕ್ಕೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಔಷಧವಿದೆ, ರೋಗ ಪೂರ್ಣ ಗುಣವಾಗುತ್ತದೆ. ಮೈಮೇಲೆ ತಿಳಿಬಣ್ಣದ, ಸ್ಪರ್ಶ ತಿಳಿಯದ ಮಚ್ಚೆ ಕಂಡವರು ನಾಚದೆ ತೋರಿಸಬೇಕು. ತಡಮಾಡಿದಷ್ಟೂ ನರ ಸಾಯುತ್ತದೆ. ಔಷಧ ರೋಗಾಣುವನ್ನು ಕೊಲ್ಲಬಲ್ಲದೇ ಹೊರತು ಸತ್ತ ನರವನ್ನು ಬದುಕಿಸಲಾರದು.

ನೋವಿಲ್ಲದ್ದನ್ನು ನಂಬಬಾರದೆಂಬುದಕ್ಕೆ ಮಲೆನಾಡಿನ ಸೆರಗಿನಲ್ಲಿರುವ ನಮಗೆ ಇನ್ನೊಂದು ಉದಾಹರಣೆಯಿದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು. ಅದರ ಕಡಿತ ಅನೇಕ ವೇಳೆ ಸೊಳ್ಳೆ ಕಚ್ಚಿದಷ್ಟೂ ನೋಯುವುದಿಲ್ಲ, ಊತವೂ ಇಲ್ಲ. ಆದರೆ ಅದರ ವಿಷ, ನರವು ಸ್ನಾಯುವಿಗೆ ಅಪ್ಪಣೆ ಕೊಡುವ ಸಂಧಿಸ್ಥಾನವನ್ನು ಕೆಡಿಸುತ್ತದೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುವುದು. ಕಚ್ಚಿದ ಗುರುತು ಕಾಣಲಿಲ್ಲವೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಮರಳಿ ಅಜ್ಜನ ಬಳಿಗೆ ಬರೋಣ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ನರದ ಎಳೆಗಳೂ, ಅವುಗಳಿಗೆ ಆಹಾರವೊಯ್ಯುವ ಸಣ್ಣ ರಕ್ತನಾಳಗಳೂ ಕೆಡುತ್ತವೆ. ಮೊದಲು ಕೆಡುವುದು ಅತಿ ಉದ್ದವಾದ ಎಳೆಗಳು, ಅವುಗಳ ತುದಿಯಿಂದ. ಸೊಂಟದ ಬಳಿ ಇರುವ ಜೀವಕೋಶ ಒಂದು ಮೀಟರ್ ದೂರದ ತುದಿಗೆ ಬೇಕಾದುದನ್ನೆಲ್ಲ ಸಾಗಿಸಬೇಕು; ಕಾಲುವೆಯ ಕೊನೆಯ ಹೊಲಕ್ಕೆ ನೀರು ಮೊದಲು ತಪ್ಪುವಂತೆ ಕಾಲ್ಬೆರಳುಗಳಿಗೆ ಮೊದಲು ಪೆಟ್ಟು. ಜೋಮು, ಇರುವೆ ಹರಿದಂತಾಗುವುದು, ರಾತ್ರಿ ಅಂಗಾಲು ಉರಿ, ಹತ್ತಿಯ ಮೇಲೆ ನಡೆದಂತೆನಿಸುವುದು ಇವು ಆರಂಭದ ಚಿಹ್ನೆಗಳು. ಕಾಲುಚೀಲ ಹಾಕಿದಷ್ಟು ಭಾಗಕ್ಕೆ ಇದು ಏರಿದ ಮೇಲೆ ಕೈಬೆರಳುಗಳಲ್ಲಿಯೂ ಶುರುವಾಗುತ್ತದೆ. ಆಮೇಲೊಂದು ದಿನ ಉರಿ ಕಡಿಮೆಯಾಗುತ್ತದೆ. ರೋಗಿ ಸಂತೋಷಪಡುತ್ತಾನೆ, ಗುಣವಾಯಿತೆಂದು ಮನೆಯವರಿಗೂ ಹೇಳುತ್ತಾನೆ. ಹಲವು ಸಲ ನಿಜಸ್ಥಿತಿ ಎಂದರೆ ಉರಿಯಬಲ್ಲ ಎಳೆಗಳು ಸತ್ತುಹೋಗಿವೆ. ಸ್ವಾಯತ್ತ ನರಗಳೂ ಜೊತೆಗೆ ಕೆಡುವುದರಿಂದ ಪಾದ ಬೆವರುವುದಿಲ್ಲ. ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ, ಬಿರುಕಿನಲ್ಲಿ ಸೋಂಕು ಸೇರುತ್ತದೆ. ರಕ್ತಸಂಚಾರವೂ ಕುಂದಿದ್ದರೆ ಗಾಯ ಮಾಯುವುದಿಲ್ಲ. ನೋವಿಲ್ಲದ ಒಂದು ಗುಳ್ಳೆಯಿಂದ ಆರಂಭವಾದದ್ದು ಬೆರಳನ್ನೋ ಪಾದವನ್ನೋ ಕತ್ತರಿಸುವಲ್ಲಿಗೆ ಮುಟ್ಟುವುದು ಹೀಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಬರಿಗಾಲಿನಲ್ಲಿ ಹೊಲ, ತೋಟ, ಗುಡಿಗಳಿಗೆ ಹೋಗುವ ಜನ ನಾವು.

ಒಳಗಿನ ಅಂಗಗಳ ನೋವು ದಾರಿತಪ್ಪಿಸುವ ಬಗೆಯೂ ನರಗಳ ಜೋಡಣೆಯಿಂದಲೇ ಆದದ್ದು. ಹೃದಯದಿಂದ ಬರುವ ಎಳೆಗಳೂ, ಎದೆ ಮತ್ತು ಎಡತೋಳಿನ ಒಳಬದಿಯಿಂದ ಬರುವ ಎಳೆಗಳೂ ಬೆನ್ನುಹುರಿಯ ಒಂದೇ ಭಾಗವನ್ನು ಸೇರುತ್ತವೆ. ಸುದ್ದಿ ಎಲ್ಲಿಯದೆಂದು ಮೆದುಳಿಗೆ ಗೊಂದಲವಾಗಿ, ಹೃದಯದ ಸಂಕಟ ತೋಳಿನಲ್ಲೋ ದವಡೆಯಲ್ಲೋ ಹೊಟ್ಟೆಯ ಮೇಲ್ಭಾಗದಲ್ಲೋ ಕಾಣಿಸಿಕೊಳ್ಳುತ್ತದೆ. ನಮ್ಮಲ್ಲಿ ಇದಕ್ಕೆಲ್ಲ ಒಂದೇ ಹೆಸರು, ಗ್ಯಾಸ್. ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ಬೆಳಗಿನವರೆಗೆ ಕಾದವರನ್ನು ಕಳೆದುಕೊಂಡ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ಮಧುಮೇಹ ಹಳತಾದವರಲ್ಲಿ ಹೃದಯದ ನರಗಳೂ ಕೆಟ್ಟಿದ್ದು ಹೃದಯಾಘಾತವೇ ನೋವಿಲ್ಲದೆ ಬರಬಹುದು. ಕಾರಣವಿಲ್ಲದ ಬೆವರು, ಏದುಸಿರು, ವಿಪರೀತ ಸುಸ್ತು ಮಾತ್ರ ಇರುತ್ತದೆ. ಅಂಥವರಿಗೆ ತಡಮಾಡದೆ ಇ.ಸಿ.ಜಿ. ಮಾಡಿಸಬೇಕು.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ, ಹೇಳುವುದು ಮುಗಿದ ಮೇಲೂ ಸುಮ್ಮನಾಗದ ನೋವು. ಸರ್ಪಸುತ್ತಿನ ಗುಳ್ಳೆಗಳು ಮಾಯ್ದ ಮೇಲೂ ಕೆಲವರಿಗೆ, ವಿಶೇಷವಾಗಿ ವಯಸ್ಸಾದವರಿಗೆ, ಅದೇ ಜಾಗ ತಿಂಗಳುಗಟ್ಟಲೆ ಉರಿಯುತ್ತದೆ. ಅಂಗಿ ಸೋಕಿದರೂ ಸಹಿಸಲಾಗದು. ಪದೇ ಪದೇ ನೋವಿನ ಸುದ್ದಿ ಬಂದು ಬೆನ್ನುಹುರಿಯ ನರಕೋಶಗಳು ಅತಿಸೂಕ್ಷ್ಮವಾಗಿ, ಸಣ್ಣ ಸ್ಪರ್ಶವನ್ನೂ ನೋವೆಂದು ವರದಿ ಮಾಡತೊಡಗುತ್ತವೆ. ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ಬೇರೆಯಾಗಿಯೇ ಪರಿಗಣಿಸುತ್ತಾರೆ. ಅದರ ಚಿಕಿತ್ಸೆಯಲ್ಲಿ ಮಾಮೂಲಿ ನೋವಿನ ಗುಳಿಗೆಗಿಂತ ನರಗಳನ್ನು ಶಾಂತಗೊಳಿಸುವ ಔಷಧಗಳೂ, ಕ್ರಮವಾದ ವ್ಯಾಯಾಮವೂ ಮುಖ್ಯ. ಗದ್ದೆ ತೋಟಗಳಲ್ಲಿ ದುಡಿದು ಸೊಂಟನೋವು ಬಂದವರು ಅಂಗಡಿಯಿಂದ ತಾವೇ ಗುಳಿಗೆ ತಂದು ವರ್ಷಗಟ್ಟಲೆ ನುಂಗುವುದು ಕಳವಳದ ಸಂಗತಿ. ಆ ಗುಳಿಗೆಗಳಲ್ಲಿ ಹಲವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ; ಮಧುಮೇಹವಿದ್ದವರಿಗೆ ಅಪಾಯ ಇನ್ನೂ ಹೆಚ್ಚು. ಸೊಂಟನೋವಿನೊಡನೆ ಕೂರುವ ಭಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಮೇಲೆ ಹೇಳಿದ ಕುದುರೆಬಾಲದ ನರಗಳು ಒತ್ತಿಹೋಗಿವೆ ಎಂದು ಶಂಕಿಸಿ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕ್ಯಾನ್ಸರಿನ ಕೊನೆಯ ಹಂತದ ನೋವಿಗಾದರೆ ಮಾರ್ಫಿನ್ ಇದೆ. ಅದು ಚಟ ಹಿಡಿಸುತ್ತದೆಂಬ ಭಯದಿಂದ ಹಿರಿಯರನ್ನು ನರಳಲು ಬಿಡುವವರಿದ್ದಾರೆ. ವೈದ್ಯರ ನಿಗಾದಲ್ಲಿ ಕೊಡುವಾಗ ಆ ಭಯಕ್ಕಾಗಿ ಮದ್ದನ್ನು ತಪ್ಪಿಸಬೇಕಾಗಿಲ್ಲ. ಇಲ್ಲಿ ನೋವು ಹೇಳಬೇಕಾದುದನ್ನು ಎಂದೋ ಹೇಳಿ ಮುಗಿಸಿದೆ.

ಕೊನೆಯದಾಗಿ ಪಾದದ ವಿಷಯ. ಸಕ್ಕರೆ ಕಾಯಿಲೆಯಿದ್ದವರು ವರ್ಷಕ್ಕೊಮ್ಮೆಯಾದರೂ ಪಾದದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಂದು ನೈಲಾನ್ ಎಳೆಯನ್ನು ಅಂಗಾಲಿನ ಕೆಲವು ಕಡೆ ಬಾಗುವಷ್ಟು ಒತ್ತಿ, ತಿಳಿಯಿತೇ ಎಂದು ಕೇಳುವುದು. ಕಂಪಿಸುವ ಕವೆಯನ್ನು ಹೆಬ್ಬೆರಳಿನ ಮೂಳೆಗೆ ಇಡುವುದು. ಐದು ನಿಮಿಷದ ಕೆಲಸ, ನೋವಿಲ್ಲ. ವೈದ್ಯರು ಮರೆತರೆ ರೋಗಿಯೇ ಕೇಳಬೇಕು. ಮನೆಯಲ್ಲಿ ಪ್ರತಿ ರಾತ್ರಿ ದೀಪದ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಬೆರಳುಸಂದುಗಳನ್ನು ನೋಡಿಕೊಳ್ಳಬೇಕು. ಬಾಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು, ಅಥವಾ ಮೊಮ್ಮಕ್ಕಳಿಗೆ ಆ ಕೆಲಸ ಒಪ್ಪಿಸಬಹುದು. ಅವರ ಕಣ್ಣು ಚುರುಕು. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಬೇಕು. ಕಾಲಿಗೆ ಬಿಸಿನೀರಿನ ಚೀಲ ಕೂಡದು, ಬೆಂಕಿ ಕಾಯಿಸುವುದೂ ಕೂಡದು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು, ಬೆರಳುಸಂದಿಗೆ ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬಾರದು. ಚಪ್ಪಲಿ, ಬೂಟುಗಳನ್ನು ಕೊಡವಿ, ಒಳಗೆ ಕೈಯಾಡಿಸಿ ಹಾಕಿಕೊಳ್ಳಬೇಕು. ಗುಳ್ಳೆ ಎದ್ದರೆ ಒಡೆಯದೆ, ಅರಿಸಿನ ಸುಣ್ಣ ಮೆತ್ತದೆ, ಶುದ್ಧವಾದ ಬಟ್ಟೆ ಸುತ್ತಿ ಮರುದಿನವೇ ವೈದ್ಯರಿಗೆ ತೋರಿಸಬೇಕು.

ಗುಡಿಗೆ ಹೋಗುವುದನ್ನು ಬಿಡಬೇಕಾಗಿಲ್ಲ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಅಥವಾ ಸೂರ್ಯ ಇಳಿದ ಮೇಲೆ ಹೋಗುವುದು, ಕಲ್ಲು ಕಾದಿದೆಯೇ ಎಂದು ಮೊದಲು ಕೈಯ ಹಿಂಬದಿಯಿಂದ ಮುಟ್ಟಿ ನೋಡುವುದು, ಜೊತೆಯಲ್ಲಿರುವ ಮಗು ಓಡಿದರೆ ತಾವೂ ನೆರಳಿಗೆ ಸರಿಯುವುದು. ಒಪ್ಪುವ ಕಡೆಗಳಲ್ಲಿ ದಪ್ಪನೆಯ ಹತ್ತಿಯ ಕಾಲುಚೀಲ ಹಾಕಿಕೊಳ್ಳಬಹುದು. ಬಣ್ಣ ಬಿಳಿಯದಾಗಿದ್ದರೆ ಒಳ್ಳೆಯದು. ಗಾಯವಾಗಿದ್ದರೆ ಮನೆಗೆ ಬಂದು ಕಳಚುವಾಗ ಕಲೆ ಕಾಣುತ್ತದೆ.